ಮಾತ್ರೆಯಿಂದ ಮಿಲಿಗ್ರಾಮಿನವರೆಗೆ: ಔಷಧಪ್ರಯೋಗದ ಕೆಲವು ಪರಿಭಾಷೆಗಳ ಚರಿತ್ರೆ

ಇಂದು ‘ಮಾತ್ರೆ’ ಎಂದರೆ ಕನ್ನಡಿಗರಿಗೆ ಗುಳಿಗೆ. ಸಂಸ್ಕೃತ ವೈದ್ಯಗ್ರಂಥಗಳಲ್ಲಿಯಾದರೋ ‘ಮಾತ್ರಾ’ ಶಬ್ದಕ್ಕೆ ಪರಿಮಾಣವೆಂದೇ ಅರ್ಥ; ಛಂದಸ್ಸಿನ ಮಾತ್ರೆಯೂ ಅಳತೆಯೇ. ಇಷ್ಟು ಕೊಡತಕ್ಕದ್ದು ಎಂಬ ಅಳತೆಯ ಹೆಸರು ಕಾಲಕ್ರಮದಲ್ಲಿ ಕೊಟ್ಟ ವಸ್ತುವಿಗೇ ಅಂಟಿಕೊಂಡಿತು. ಇಂಗ್ಲಿಷಿನ ‘ಡೋಸ್’ ಶಬ್ದದ ಮೂಲವಾದ ಗ್ರೀಕಿನ ‘ಡೋಸಿಸ್’ಗೆ ಕೊಡುವಿಕೆ ಎಂದರ್ಥ. ಫಾರ್ಮಕಾಲಜಿಗೆ ಹೆಸರಿತ್ತ ‘ಫಾರ್ಮಕಾನ್’ ಔಷಧವೂ ಹೌದು, ವಿಷವೂ ಹೌದು. ನಮ್ಮ ‘ಮದ್ದು’ ಸಹ ‘ಮದ್ದು ಹಾಕುವುದು’ ಎಂಬ ಪ್ರಯೋಗದಲ್ಲಿ ಅದೇ ಇಬ್ಬಗೆಯನ್ನು ಉಳಿಸಿಕೊಂಡಿದೆ. ಶುಶ್ರೂಷಾವಿದ್ಯಾರ್ಥಿಗಳು ಕಂಠಪಾಠ ಮಾಡುವ ಇಂತಹ ಪದಗಳನ್ನು ಚರಿತ್ರಕಾರರು ಶಾಸನಗಳಷ್ಟು ಆದರದಿಂದ ಕಂಡಿಲ್ಲ. ಆದರೆ ಅವೂ ದಾಖಲೆಗಳೇ.

ಮೊದಲು ತೂಕದ ವಿಚಾರ. ಬ್ರಿಟಿಷರೊಡನೆ ಭಾರತಕ್ಕೆ ಬಂದ ಔಷಧಮಾಪನದಲ್ಲಿ 20 ಗ್ರೇನಿಗೆ ಒಂದು ಸ್ಕ್ರೂಪಲ್, 3 ಸ್ಕ್ರೂಪಲಿಗೆ ಒಂದು ಡ್ರಾಂ, 8 ಡ್ರಾಮಿಗೆ ಒಂದು ಔನ್ಸ್. ಹೀಗೆ ಔಷಧಗಾರರ ಔನ್ಸು 480 ಗ್ರೇನು. ವ್ಯಾಪಾರದ ಔನ್ಸಾದರೋ 437½ ಗ್ರೇನು ಮಾತ್ರ. ಒಂದೇ ಹೆಸರು, ಎರಡು ತೂಕ. ಇದನ್ನು ಪಾಶ್ಚಾತ್ಯರ ಅವಿವೇಕವೆಂದು ನಗುವಂತಿಲ್ಲ. ಶಾರ್ಙ್ಗಧರಸಂಹಿತೆಯು ಮಾಗಧಮಾನ, ಕಾಲಿಂಗಮಾನ ಎಂಬ ಎರಡು ಕ್ರಮಗಳನ್ನು ಹೇಳುತ್ತದೆ. ಮಾಗಧದ ಮಾಷಕ್ಕೆ 6 ಗುಲಗಂಜಿ, ಕಾಲಿಂಗದ ಮಾಷಕ್ಕೆ 8. ದ್ರವೌಷಧದ ಸ್ಥಿತಿ ಇನ್ನೂ ಶಿಥಿಲವಾಗಿತ್ತು. ತೊಟ್ಟಿನ ಗಾತ್ರವು ದ್ರವದ ಗುಣವನ್ನೂ ಸೀಸೆಯ ಬಾಯಿಯನ್ನೂ ಅನುಸರಿಸಿ ಬದಲಾಗುವುದರಿಂದ, 1809ರ ಲಂಡನ್ ಫಾರ್ಮಕೊಪಿಯಾ ದ್ರವಡ್ರಾಮಿನ ಅರುವತ್ತನೆಯ ಒಂದು ಭಾಗವನ್ನು ‘ಮಿನಿಮ್’ ಎಂದು ಕರೆದು, ತೊಟ್ಟಿನ ಸ್ಥಾನದಲ್ಲಿ ಅದನ್ನು ನಿಲ್ಲಿಸಿತು.

1955ರಲ್ಲಿ ಸ್ವತಂತ್ರ ಭಾರತದ ಪ್ರಥಮ ಫಾರ್ಮಕೊಪಿಯಾ ಪ್ರಕಟವಾಯಿತು; 1956ರಲ್ಲಿ ತೂಕ ಅಳತೆಗಳ ಶಾಸನವಾಗಿ ದಶಮಾಂಶಪದ್ಧತಿಯು ಹಂತಹಂತವಾಗಿ ಜಾರಿಗೆ ಬಂದಿತು. ಹಳತೂ ಹೊಸತೂ ಜೊತೆಗಿದ್ದ ಕಾಲದಲ್ಲಿ ಅಪಾಯವು ಅಕ್ಷರಗಳಲ್ಲಿ ಅಡಗಿತ್ತು. ‘ಜಿ.ಆರ್.’ ಎಂದರೆ ಗ್ರೇನು, ‘ಜಿ.ಎಂ.’ ಎಂದರೆ ಗ್ರಾಂ. ಒಂದು ಗ್ರೇನು ಸುಮಾರು 65 ಮಿಲಿಗ್ರಾಂ. ಆದುದರಿಂದ ಅವಸರದ ಬರಹದಲ್ಲಿ ಒಂದನ್ನು ಇನ್ನೊಂದೆಂದು ಓದಿದರೆ ರೋಗಿಗೆ ಹದಿನೈದು ಪಟ್ಟು ಔಷಧ ಬೀಳುತ್ತದೆ. ಮಾರ್ಫಿಯಾದಂತಹ ವಸ್ತುವಿನಲ್ಲಿ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಗ್ರೇನು ವ್ಯವಹಾರದಿಂದ ಮರೆಯಾದರೂ ಅದರ ನೆರಳು ಉಳಿದಿದೆ: 325 ಮಿಲಿಗ್ರಾಮಿನ ಆಸ್ಪಿರಿನ್ ಗುಳಿಗೆಯು ಹಳೆಯ 5 ಗ್ರೇನಿನ ಗುಳಿಗೆಯೇ ಆಗಿದೆ. 325 ಎಂಬ ವಿಚಿತ್ರ ಸಂಖ್ಯೆಗೆ ಬೇರೆ ಕಾರಣವನ್ನು ಹುಡುಕುವುದು ವ್ಯರ್ಥ.

ಔಷಧವನ್ನು ದೇಹಕ್ಕೆ ಸೇರಿಸುವ ಮಾರ್ಗಗಳ ಹೆಸರುಗಳಲ್ಲಿ ಒಂದರ ಕಥೆ ವಿಶೇಷವಾಗಿ ಬೋಧಪ್ರದವಾದುದು. ಎಡಿನ್‌ಬರೋದ ಅಲೆಗ್ಸಾಂಡರ್ ವುಡ್ 1853ರಲ್ಲಿ ನರಶೂಲೆಗೆ ಚರ್ಮದ ಕೆಳಗೆ ಮಾರ್ಫಿಯಾ ಚುಚ್ಚತೊಡಗಿದನು. ಔಷಧವು ಚುಚ್ಚಿದೆಡೆಯಲ್ಲಿಯೇ ಕೆಲಸ ಮಾಡುತ್ತದೆಂದು ಅವನ ನಂಬಿಕೆ. ಆದುದರಿಂದ ನೋವಿರುವಲ್ಲಿಯೇ ಸೂಜಿ. ಕೆಲವು ವರ್ಷಗಳ ತರುವಾಯ ಲಂಡನ್ನಿನ ಚಾರ್ಲ್ಸ್ ಹಂಟರನು ಪದೇ ಪದೇ ಚುಚ್ಚಿದ ಜಾಗದಲ್ಲಿ ಕೀವುಗಟ್ಟಿದುದನ್ನು ಕಂಡು ದೂರದ ಬೇರೊಂದು ಜಾಗದಲ್ಲಿ ಚುಚ್ಚಿದನು. ನೋವು ಅಷ್ಟೇ ಚೆನ್ನಾಗಿ ಶಮನವಾಯಿತು! ಔಷಧವು ರಕ್ತದ ಮೂಲಕ ಸರ್ವಾಂಗವನ್ನೂ ವ್ಯಾಪಿಸುವುದೆಂದು ಇದರಿಂದ ಸಿದ್ಧಪಟ್ಟಿತು. ತನ್ನ ಕ್ರಮವನ್ನು ವುಡ್ಡನದರಿಂದ ಬೇರ್ಪಡಿಸಲು ಹಂಟರನು ‘ಹೈಪೊಡರ್ಮಿಕ್’ ಎಂಬ ಶಬ್ದವನ್ನು ಬಳಕೆಗೆ ತಂದನು. ಇಬ್ಬರ ನಡುವೆ ಕಹಿಯಾದ ವಾಗ್ವಾದವೇ ನಡೆಯಿತು. ಗ್ರೀಕಿನಲ್ಲಿ ಆ ಶಬ್ದಕ್ಕೂ ‘ಚರ್ಮದ ಕೆಳಗೆ’ ಎಂದಷ್ಟೇ ಅರ್ಥ. ವ್ಯತ್ಯಾಸವಿದ್ದುದು ಶಬ್ದದಲ್ಲಲ್ಲ, ಅದರ ಹಿಂದಿನ ತತ್ತ್ವದಲ್ಲಿ.

ಕಾಲಸೂಚಕ ಪದಗಳಲ್ಲಿ ನಮ್ಮ ಪೂರ್ವಿಕರು ಹಿಂದುಳಿದವರಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಔಷಧಕಾಲಗಳು ಹತ್ತು: ಆಹಾರವಿಲ್ಲದೆ ಕೊಡುವುದು ಅಭಕ್ತ, ಊಟಕ್ಕೆ ಮುನ್ನ ಪ್ರಾಗ್ಭಕ್ತ, ಊಟವಾದ ಮೇಲೆ ಅಧೋಭಕ್ತ, ಮತ್ತೆ ಮತ್ತೆ ಕೊಡುವುದು ಮುಹುರ್ಮುಹುಃ, ತುತ್ತಿನೊಡನೆಯೂ ತುತ್ತುಗಳ ನಡುವೆಯೂ ಕೊಡುವುದಕ್ಕೆ ಬೇರೆ ಬೇರೆ ಹೆಸರುಗಳುಂಟು. ಲ್ಯಾಟಿನ್ನಿನ ‘ಆಂಟೆ ಸಿಬಂ’, ‘ಪೋಸ್ಟ್ ಸಿಬಂ’ಗಳು ಪ್ರಾಗ್ಭಕ್ತ, ಅಧೋಭಕ್ತಗಳೇ. ಆದರೆ ಲ್ಯಾಟಿನ್ ಪದಗಳು ಆಸ್ಪತ್ರೆಗೆ ಬಂದುದು ಸಂಕ್ಷೇಪಾಕ್ಷರಗಳಾಗಿ. ದಿನಕ್ಕೆ ಮೂರು ಸಲವೆಂಬುದಕ್ಕೆ ಟಿ.ಡಿ.ಎಸ್., ತಕ್ಷಣವೆಂಬುದಕ್ಕೆ ‘ಸ್ಟಾಟ್’. ಓ.ಡಿ. ಎಂದರೆ ನಮ್ಮ ವಾರ್ಡುಗಳಲ್ಲಿ ದಿನಕ್ಕೊಮ್ಮೆ; ನೇತ್ರವೈದ್ಯರಿಗೆ ಬಲಗಣ್ಣು. ಲ್ಯಾಟಿನ್ ಬಲ್ಲವರಿಗಾಗಿ ಹುಟ್ಟಿದ ಗುರುತುಗಳನ್ನು ಅದನ್ನು ಓದಿರದ ದಾದಿಯ ಕೈಯಲ್ಲಿಟ್ಟು, ತಪ್ಪಾದಾಗ ಅವಳನ್ನೇ ಹೊಣೆಯಾಗಿಸುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ ಸಂಸ್ಥೆಯು 2004ರಲ್ಲಿ ಬಳಸಬಾರದ ಸಂಕ್ಷೇಪಗಳ ಪಟ್ಟಿಯೊಂದನ್ನು ಹೊರಡಿಸಿತು. ಯೂನಿಟ್ಟಿಗೆ ಬರೆಯುತ್ತಿದ್ದ ಇಂಗ್ಲಿಷಿನ ‘ಯು’ ಅಕ್ಷರವೂ ಅದರಲ್ಲಿ ಸೇರಿದೆ. ಇನ್‌ಸುಲಿನ್ನಿನ ಚೀಟಿಯಲ್ಲಿ 4ರ ಪಕ್ಕದ ಆ ಅಕ್ಷರವು ಸೊನ್ನೆಯಂತೆ ಕಂಡರೆ ನಾಲ್ಕು ನಲವತ್ತಾಗುತ್ತದೆ. ಪೂರ್ಣಸಂಖ್ಯೆಯ ಮುಂದೆ ಬಿಂದುವಿಟ್ಟು ಸೊನ್ನೆ ಬರೆಯುವುದೂ ನಿಷಿದ್ಧವಾಯಿತು. ಬಿಂದು ಮಾಸಿದರೆ 1.0 ಎಂಬುದು 10.