ಎಐ ಕ್ಯಾಮೆರಾ ಇದ್ದರೆ ಕಾರ್ಖಾನೆಯಲ್ಲಿ ತಪ್ಪೂ ಇಲ್ಲ, ಅಪಘಾತವೂ ಇಲ್ಲವೇ?

ಬೆಲ್ಟಿನ ಮೇಲೆ ಬಾಟಲಿಗಳು ಸಾಲಾಗಿ ಓಡುತ್ತಿರುತ್ತವೆ. ಮೇಲೊಂದು ಕ್ಯಾಮೆರಾ. ಮುಚ್ಚಳ ಸರಿಯಾಗಿ ಕೂರದ ಬಾಟಲಿ ಬಂದ ಕೂಡಲೇ ಪಕ್ಕದಿಂದ ಗಾಳಿ ನುಗ್ಗಿ ಅದನ್ನು ಆಚೆ ತಳ್ಳುತ್ತದೆ. ಇಂಥ ವಿಡಿಯೊ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಅದರ ಜೊತೆ ಬರುವ ಮಾತುಗಳು ಹೆಚ್ಚುಕಡಿಮೆ ಒಂದೇ: ಎಐ ಕ್ಯಾಮೆರಾ ನೂರಕ್ಕೆ ನೂರು ನಿಖರ, ಇನ್ನು ಕೆಟ್ಟ ಮಾಲು ಹೊರಗೆ ಬರುವುದಿಲ್ಲ, ಕಾರ್ಮಿಕರಿಗೆ ಅಪಘಾತವೂ ಆಗುವುದಿಲ್ಲ.

ವಿಡಿಯೊ ನಿಜವೇ ಇರಬಹುದು. ಆದರೆ ಮಾಲನ್ನು ಪರೀಕ್ಷಿಸುವ ಕ್ಯಾಮೆರಾ ಬೇರೆ, ಮನುಷ್ಯನ ಕೈ ಕಾಯುವ ವ್ಯವಸ್ಥೆ ಬೇರೆ. ಮೊದಲನೆಯದು ತಪ್ಪಿದರೆ ಒಂದು ಬಾಟಲಿ ಹಾಳಾಗುತ್ತದೆ. ಎರಡನೆಯದು ತಪ್ಪಿದರೆ ಬೆರಳು ಹೋಗುತ್ತದೆ. ಈ ಎರಡನ್ನೂ ಬಿಡಿಸಿ ನೋಡೋಣ.

ಕ್ಯಾಮೆರಾಗೆ ಏನು ಕಾಣುತ್ತದೆ?

ನಮಗೆ ಬಾಟಲಿ ಕಾಣುವ ಕಡೆ ಕಂಪ್ಯೂಟರ್‌ಗೆ ಕಾಣುವುದು ಅಂಕಿಗಳು. ಸಾಮಾನ್ಯ ಕಪ್ಪು-ಬಿಳುಪು ಚಿತ್ರದ ಪ್ರತಿ ಚುಕ್ಕಿಗೂ 0ಯಿಂದ 255ರವರೆಗಿನ ಒಂದು ಅಂಕಿ ಇರುತ್ತದೆ. 0 ಅಂದರೆ ಕಡುಗಪ್ಪು, 255 ಅಂದರೆ ಅಚ್ಚ ಬಿಳುಪು. ಮುಚ್ಚಳ ಇರಬೇಕಾದ ಜಾಗದ ಅಂಕಿಗಳು ಬೇರೆಯಾದರೆ ಬಾಟಲಿ ಪಕ್ಕಕ್ಕೆ ಹೋಗುತ್ತದೆ.

ಈ ಕೆಲಸ ನಿನ್ನೆ ಮೊನ್ನೆಯದಲ್ಲ. 1981ರಲ್ಲಿ ಅಮೆರಿಕದಲ್ಲಿ ಶುರುವಾದ ಕಾಗ್ನೆಕ್ಸ್ ಕಂಪನಿಯ ಮೊದಲ ಉತ್ಪನ್ನ ಡೇಟಾಮ್ಯಾನ್, ಬಿಡಿಭಾಗಗಳ ಮೇಲಿನ ಅಕ್ಷರ ಮತ್ತು ಅಂಕಿಗಳನ್ನು ಓದುತ್ತಿತ್ತು. ಆಗ ಏನನ್ನು ಹುಡುಕಬೇಕು ಎಂಬ ನಿಯಮವನ್ನು ಎಂಜಿನಿಯರ್ ಬರೆದುಕೊಡಬೇಕಿತ್ತು. 2012ರಲ್ಲಿ ಅಲೆಕ್ಸ್‌ನೆಟ್ ಎಂಬ ನ್ಯೂರಲ್ ನೆಟ್‌ವರ್ಕ್ ಇಮೇಜ್‌ನೆಟ್ ಸ್ಪರ್ಧೆಯನ್ನು ಗೆದ್ದ ಮೇಲೆ, ಸಾವಿರಾರು ಚಿತ್ರಗಳನ್ನು ತೋರಿಸಿ ಯಂತ್ರಕ್ಕೇ ಕಲಿಸುವ ದಾರಿ ಜೋರಾಯಿತು. ಈಗ ಎಐ ಕ್ಯಾಮೆರಾ ಎಂದು ಕರೆಯುವುದು ಹೆಚ್ಚಾಗಿ ಇದನ್ನೇ.

ಆದರೆ ಒಂದು ತೊಡಕಿದೆ. ಒಳ್ಳೆಯ ಕಾರ್ಖಾನೆಯಲ್ಲಿ ಕೆಟ್ಟ ಮಾಲು ಅಪರೂಪ. ಹಾಗಿದ್ದರೆ ಕೆಟ್ಟದ್ದು ಹೇಗಿರುತ್ತದೆ ಎಂದು ಯಂತ್ರಕ್ಕೆ ಕಲಿಸುವುದು ಹೇಗೆ? ಇದಕ್ಕಾಗಿ ಸಂಶೋಧಕರು ಕಂಡುಕೊಂಡ ಒಂದು ಉಪಾಯ, ಬರೀ ಒಳ್ಳೆಯ ಮಾಲಿನ ಚಿತ್ರ ತೋರಿಸಿ, ಅದಕ್ಕೆ ಹೊಂದದ್ದನ್ನೆಲ್ಲ ಅನುಮಾನದಿಂದ ನೋಡು ಎಂದು ಕಲಿಸುವುದು. 2019ರಲ್ಲಿ ಪ್ರಕಟವಾದ ಎಂವಿಟೆಕ್ ಎಡಿ ಎಂಬ ಚಿತ್ರಸಂಗ್ರಹ ಇಂಥ ಪ್ರಯೋಗಕ್ಕೆಂದೇ ಸಿದ್ಧವಾದದ್ದು. ಬಾಟಲಿ, ಮಾತ್ರೆ, ಸ್ಕ್ರೂ, ಚರ್ಮ ಹೀಗೆ 15 ಬಗೆಯ ವಸ್ತುಗಳ 5,354 ಚಿತ್ರಗಳು ಅದರಲ್ಲಿವೆ.

ಎಐಗಿಂತ ಮೊದಲು ಬೆಳಕು

ಕ್ಯಾಮೆರಾ ಎಷ್ಟು ದುಬಾರಿಯಾದರೂ ಬೆಳಕು ಸರಿಯಿಲ್ಲದಿದ್ದರೆ ಪ್ರಯೋಜನವಿಲ್ಲ. ಲೋಹದ ಮೇಲಿನ ಗೀರು ಕಾಣಬೇಕಾದರೆ ಬೆಳಕು ಪಕ್ಕದಿಂದ, ಓರೆಯಾಗಿ ಬೀಳಬೇಕು. ಗಾಜಿನ ಬಾಟಲಿಯ ಅಂಚು ಸ್ಪಷ್ಟವಾಗಿ ಕಾಣಬೇಕಾದರೆ ಬೆಳಕು ಹಿಂದಿನಿಂದ ಬರಬೇಕು. ಶೆಡ್ಡಿನ ಶೀಟಿನ ಸಂದಿಯಿಂದ ಮಧ್ಯಾಹ್ನದ ಬಿಸಿಲು ಬಿದ್ದರೆ, ಲೆನ್ಸ್ ಮೇಲೆ ಎಣ್ಣೆಯ ಪಸೆ ಕೂತರೆ, ಬೆಳಿಗ್ಗೆ ಸರಿಯಿದ್ದ ಅದೇ ವ್ಯವಸ್ಥೆ ಸಂಜೆಯ ಶಿಫ್ಟಿನಲ್ಲಿ ಒಳ್ಳೆಯದನ್ನೂ ಕೆಟ್ಟದ್ದೆನ್ನಬಹುದು. ವಿಡಿಯೊದಲ್ಲಿ ಇದು ಕಾಣುವುದಿಲ್ಲ.

ಶೇ 99 ನಿಖರ ಅಂದರೆ ಏನು?

ಒಂದು ಲೆಕ್ಕ ಹಾಕಿ ನೋಡೋಣ. 1,00,000 ಮಾತ್ರೆಗಳಲ್ಲಿ 100 ಮಾತ್ರೆ ಮುರಿದಿವೆ ಎಂದುಕೊಳ್ಳಿ. ಕ್ಯಾಮೆರಾ ಮುರಿದದ್ದರಲ್ಲಿ ಶೇ 99ನ್ನು ಹಿಡಿಯುತ್ತದೆ, ಒಳ್ಳೆಯದರಲ್ಲಿ ಶೇ 1ನ್ನು ಮಾತ್ರ ತಪ್ಪಾಗಿ ತೆಗೆದುಹಾಕುತ್ತದೆ.

ಆಗ 99 ಮುರಿದ ಮಾತ್ರೆ ಸಿಕ್ಕಿಬೀಳುತ್ತವೆ, ಒಂದು ತಪ್ಪಿಸಿಕೊಳ್ಳುತ್ತದೆ. ಉಳಿದ 99,900 ಒಳ್ಳೆಯ ಮಾತ್ರೆಗಳಲ್ಲಿ 999 ಸುಮ್ಮನೆ ಕಸಕ್ಕೆ ಹೋಗುತ್ತವೆ. ಅಂದರೆ ತೆಗೆದುಹಾಕಿದ 1,098 ಮಾತ್ರೆಗಳಲ್ಲಿ ಹತ್ತರಲ್ಲಿ ಒಂಬತ್ತು ಒಳ್ಳೆಯವೇ!

ಇನ್ನೊಂದು ತಮಾಷೆ ನೋಡಿ. ಏನನ್ನೂ ಪರೀಕ್ಷಿಸದೆ ಎಲ್ಲವೂ ಚೆನ್ನಾಗಿದೆ ಎಂದುಬಿಡುವ ಯಂತ್ರ ಇಲ್ಲಿ ಶೇ 99.9 ನಿಖರ. ಆದರೆ ಮುರಿದ ಒಂದು ಮಾತ್ರೆಯನ್ನೂ ಅದು ಹಿಡಿಯುವುದಿಲ್ಲ. ಹೀಗಾಗಿ ಬರೀ ನಿಖರತೆಯ ಅಂಕಿ ನೋಡಿ ಮರುಳಾಗಬೇಡಿ. ಕೆಟ್ಟದ್ದು ಎಷ್ಟು ತಪ್ಪಿಸಿಕೊಂಡಿತು, ಒಳ್ಳೆಯದು ಎಷ್ಟು ಹಾಳಾಯಿತು ಎಂದು ಎರಡು ಪ್ರಶ್ನೆ ಕೇಳಬೇಕು. ಅನುಮಾನ ಬಂದ ಮಾಲನ್ನು ಮತ್ತೊಮ್ಮೆ ನೋಡಲು ಅನುಭವಿ ಕಣ್ಣು ಬೇಕಾಗುವುದೂ ಇದಕ್ಕೇ.

ಹಾಗೆಂದು ಕ್ಯಾಮೆರಾ ಬೇಡವೆಂದಲ್ಲ. ಎಂಟು ಗಂಟೆ ಒಂದೇ ಬೆಲ್ಟನ್ನು ನೋಡುವ ಮನುಷ್ಯನ ಗಮನ ಜಾರುತ್ತದೆ. ಕ್ಯಾಮೆರಾಗೆ ಆಯಾಸವಿಲ್ಲ. ಈ ಕೆಲಸದಲ್ಲಿ ಅದು ನಿಜಕ್ಕೂ ದೊಡ್ಡ ಸಹಾಯ.

ಕ್ಯಾಮೆರಾ ಬೆರಳು ಉಳಿಸುತ್ತದೆಯೇ?

ಹೆಲ್ಮೆಟ್ ಹಾಕಿದ್ದಾರೆಯೇ, ಫೋರ್ಕ್‌ಲಿಫ್ಟ್ ಓಡಾಡುವ ದಾರಿಯಲ್ಲಿ ಯಾರಾದರೂ ನಿಂತಿದ್ದಾರೆಯೇ, ಎಲ್ಲಾದರೂ ಹೊಗೆ ಕಾಣುತ್ತಿದೆಯೇ ಎಂದು ನೋಡಿ ಎಚ್ಚರಿಸಲು ಕ್ಯಾಮೆರಾ ಒಳ್ಳೆಯದು. ಎಚ್ಚರಿಸುವುದು ಬೇರೆ, ಯಂತ್ರವನ್ನು ಸರಿಯಾದ ಹೊತ್ತಿಗೆ ನಿಲ್ಲಿಸುವುದು ಬೇರೆ.

ಪವರ್ ಪ್ರೆಸ್ ನೋಡಿ. ಲೋಹದ ಶೀಟನ್ನು ಡೈ ಮೇಲಿಟ್ಟು ಒತ್ತಿ ಕತ್ತರಿಸುವ, ಬಗ್ಗಿಸುವ ಈ ಯಂತ್ರ ಬೆಂಗಳೂರಿನ ಪೀಣ್ಯದಂಥ ಕಡೆ ಸಣ್ಣ ಶೆಡ್ಡುಗಳಲ್ಲೂ ಇದೆ. ಹರಿಯಾಣದ ಗುರುಗ್ರಾಮ, ಮಾನೇಸರ್ ಭಾಗದಲ್ಲಿ ಗಾಯಗೊಂಡ ಕಾರ್ಮಿಕರಿಗೆ ನೆರವಾಗುವ ಸೇಫ್ ಇನ್ ಇಂಡಿಯಾ ಫೌಂಡೇಶನ್, ವಾಹನ ಬಿಡಿಭಾಗದ ಕಾರ್ಖಾನೆಗಳಲ್ಲಿ ಬೆರಳು ಜಜ್ಜಿಹೋಗಲು ಪವರ್ ಪ್ರೆಸ್ಸೇ ದೊಡ್ಡ ಕಾರಣವೆಂದು ಮತ್ತೆ ಮತ್ತೆ ವರದಿ ಮಾಡಿದೆ.

ಇಲ್ಲಿ ಮಾಮೂಲಿ ಸಿಸಿಟಿವಿಗೆ ಎಐ ಜೋಡಿಸಿದರೆ ಸಾಕೇ? ಯಂತ್ರದ ಕಡೆ ಚಾಚಿದ ಕೈ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಚಲಿಸಬಹುದು ಎಂದು ಐಎಸ್‌ಒ 13855 ಎಂಬ ಅಂತರರಾಷ್ಟ್ರೀಯ ಮಾನದಂಡ ಲೆಕ್ಕ ಹಿಡಿಯುತ್ತದೆ. ಸೆಕೆಂಡಿಗೆ 25 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಕೈ 8 ಸೆಂ.ಮೀ. ಮುಂದೆ ಹೋಗಿರುತ್ತದೆ. ಚಿತ್ರ ಕಂಪ್ಯೂಟರ್‌ಗೆ ತಲುಪಿ, ಎಐ ನಿರ್ಧರಿಸಿ, ಪ್ರೆಸ್ಸಿನ ಬ್ರೇಕ್ ಹಿಡಿಯಲು ಒಟ್ಟು ಅರ್ಧ ಸೆಕೆಂಡ್ ಬೇಕಾದರೆ ಕೈ 1 ಮೀಟರ್ ಹೋಗಿರುತ್ತದೆ. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಹಾಗಾಗಿಯೇ ಇಂಥ ಕಡೆ ಲೈಟ್ ಕರ್ಟನ್ ಬಳಸುತ್ತಾರೆ. ಕಣ್ಣಿಗೆ ಕಾಣದ ಅವಗೆಂಪು ಕಿರಣಗಳ ಪರದೆ ಅದು. ಕೈ ಅಡ್ಡ ಬಂದ ಕೂಡಲೇ ಪ್ರೆಸ್‌ಗೆ ನಿಲ್ಲುವ ಆದೇಶ ಹೋಗುತ್ತದೆ. ತನ್ನಲ್ಲೇ ದೋಷ ಬಂದರೂ ಅದು ಯಂತ್ರವನ್ನು ನಿಲ್ಲಿಸುತ್ತದೆ. ಪ್ರೆಸ್ ನಿಲ್ಲಲು ಎಷ್ಟು ಹೊತ್ತು ಬೇಕೋ ಅದಕ್ಕೆ ತಕ್ಕಷ್ಟು ದೂರದಲ್ಲಿ ಪರದೆಯನ್ನು ಕೂರಿಸಬೇಕು. ಸುರಕ್ಷತೆಗೆಂದೇ ತಯಾರಿಸಿ ಪ್ರಮಾಣೀಕರಿಸಿದ ಕ್ಯಾಮೆರಾಗಳೂ ಇವೆ. ಜರ್ಮನಿಯ ಪಿಲ್ಜ್ ಕಂಪನಿ ತಯಾರಿಸಿದ್ದ ಸೇಫ್ಟಿಐ ಅಂಥದ್ದು. ಆದರೆ ಅವು ಗೋಡೆಯ ಸಿಸಿಟಿವಿ ಅಲ್ಲ.

ಇನ್ನೂ ಮುಖ್ಯವಾದ ಮಾತು: ಪೆಡಲ್ ತುಳಿದರೆ ಪೂರ್ತಿ ಒಂದು ಸುತ್ತು ಮುಗಿಸದೆ ನಿಲ್ಲದ ಹಳೆಯ ಪ್ರೆಸ್ಸುಗಳಿವೆ. ಅವುಗಳಿಗೆ ಕ್ಯಾಮೆರಾವೂ ಲೈಟ್ ಕರ್ಟನ್ನೂ ಉಪಯೋಗವಿಲ್ಲ, ಕೈ ಕಂಡರೂ ನಡುವೆ ನಿಲ್ಲಿಸುವ ದಾರಿಯೇ ಇಲ್ಲ. ಅಲ್ಲಿ ಕೈ ಒಳಗೆ ಹೋಗದಂತೆ ತಡೆಯುವ ಗಟ್ಟಿ ಗಾರ್ಡೇ ಬೇಕು. ಅಪಾಯಕಾರಿ ಚಲಿಸುವ ಭಾಗಗಳಿಗೆ ಭದ್ರವಾದ ತಡೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್ ಆಗಲೇ ಹೇಳಿತ್ತು.

ಫಾರ್ವರ್ಡ್ ಮಾಡುವ ಮೊದಲು

ಇಂಥ ವಿಡಿಯೊ ಬಂದರೆ, ಅಥವಾ ನಿಮ್ಮ ಕಾರ್ಖಾನೆಗೇ ಕ್ಯಾಮೆರಾ ಬಂದರೆ, ಇಷ್ಟು ಕೇಳಿ ನೋಡಿ:

• ಇದು ಮಾಲು ನೋಡುವ ಕ್ಯಾಮೆರಾವೋ, ಮನುಷ್ಯರನ್ನು ಕಾಯುವುದೋ?
• ಅಪಾಯ ಕಂಡಾಗ ಯಂತ್ರ ನಿಲ್ಲುತ್ತದೆಯೇ, ಬರೀ ಸೂಪರ್‌ವೈಸರ್ ಮೊಬೈಲಿಗೆ ಮೆಸೇಜ್ ಹೋಗುತ್ತದೆಯೇ?
• ಕರೆಂಟ್ ಹೋದರೆ, ಲೆನ್ಸ್ ಕೊಳೆಯಾದರೆ ಏನಾಗುತ್ತದೆ?
• ಕ್ಯಾಮೆರಾ ಬಂದಿತೆಂದು ಗಾರ್ಡ್ ಬಿಚ್ಚಿದ್ದಾರೆಯೇ?

ಕೊನೆಯ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದರೆ ಆ ಯಂತ್ರದ ಬಳಿ ಕೈ ಹಾಕಬೇಡಿ. ನಿಮ್ಮ ಮನೆಯವರು ಅಲ್ಲಿ ಕೆಲಸ ಮಾಡುತ್ತಿದ್ದರೆ ಅವರಿಗೂ ಹೇಳಿ.

ನಮ್ಮ ತೀರ್ಮಾನ: ಕೆಟ್ಟ ಮಾಲು ಹಿಡಿಯಲು ಎಐ ಕ್ಯಾಮೆರಾ ನೆರವಾಗುತ್ತದೆ ಎಂಬುದು ನಿಜ. ನೂರಕ್ಕೆ ನೂರು ನಿಖರ ಎಂಬುದು ಉತ್ಪ್ರೇಕ್ಷೆ. ಕ್ಯಾಮೆರಾ ಇದ್ದರೆ ಅಪಘಾತವೇ ಆಗದು ಎಂಬುದು ಸುಳ್ಳು, ಅಪಾಯಕಾರಿ ಸುಳ್ಳು. ಗಾರ್ಡ್ ಮೊದಲು, ಕ್ಯಾಮೆರಾ ಆಮೇಲೆ.