ವೆಟ್‌ವೆಲ್‌ನ ಖರ್ಚು ಯಾರ ಲೆಕ್ಕಕ್ಕೆ?

ನಮ್ಮ ಸಿದ್ದಾಪುರದಲ್ಲಿ ಒಳಚರಂಡಿ ಇಲ್ಲ. ಬಚ್ಚಲ ನೀರು ತೆಂಗಿನ ಬುಡಕ್ಕೆ, ಪಾಯಿಖಾನೆಯದ್ದು ಗುಂಡಿಗೆ. ಸ್ವಲ್ಪ ಮೇಲೆ ಹೊಸಂಗಡಿಯಲ್ಲಿ ವಾರಾಹಿಯ ನೀರು ಕೆಳಕ್ಕೆ ಬಿದ್ದು ಕರೆಂಟು ಕೊಡುತ್ತದೆ. 460 ಮೆಗಾವ್ಯಾಟ್ ಸಾಮರ್ಥ್ಯ. ನೀರು ಎತ್ತಲು ಕರೆಂಟು ಸುಡುವ ಕತೆ ಕೆಳಗಿನ ಪೇಟೆಗಳದ್ದು. ಕುಂದಾಪುರದಲ್ಲಿ ಒಳಚರಂಡಿ, ವೆಟ್‌ವೆಲ್ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನಾವು ಈ ಪಂಪುಗಳ ಚರಿತ್ರೆ ಹುಡುಕತೊಡಗಿದೆವು.

ಕಡಲ ಬದಿಯ ಊರು ಸಮತಟ್ಟು. ಇಳಿಜಾರಿಗೆ ಹಾಕಿದ ಕೊಳವೆ ಮುಂದೆ ಹೋದಷ್ಟೂ ಆಳಕ್ಕಿಳಿಯುತ್ತದೆ. ಒಂದು ಕಡೆ ಬಾವಿ ತೋಡಿ, ಕೊಳಚೆ ಕೂಡಿಸಿ, ಮೇಲೆತ್ತಲೇಬೇಕು. ಆ ಬಾವಿಯೇ ವೆಟ್‌ವೆಲ್.

ವೇಲ್ಸಿನ ಐಸಾಕ್ ಶೋನ್ 1878ರಲ್ಲಿ ಇದಕ್ಕೊಂದು ಉಪಾಯಕ್ಕೆ ಪೇಟೆಂಟ್ ಪಡೆದ. ಕಬ್ಬಿಣದ ಮುಚ್ಚಿದ ಪಾತ್ರೆ. ಕೊಳಚೆ ತುಂಬಿದೊಡನೆ ಒತ್ತಡದ ಗಾಳಿ ಬಂದು ಅದನ್ನು ಹೊರದೂಡುತ್ತದೆ. ಆಗ ಬ್ರಿಟಿಷ್ ಇಂಡಿಯಾಕ್ಕೆ ಸೇರಿದ್ದ ರಂಗೂನಿನಲ್ಲಿ 1888ರ ಸುಮಾರಿಗೆ ಹಾಕಿದ ಈ ವ್ಯವಸ್ಥೆ ನೂರು ವರ್ಷ ದಾಟಿಯೂ ಕೆಲಸ ಮಾಡಿತು. ಪಾತ್ರೆಯೊಳಗೆ ತಿರುಗುವ ಚಕ್ರವಿಲ್ಲ, ಹಾಗಾಗಿ ಬಟ್ಟೆ ಸುತ್ತಿಕೊಳ್ಳುವ ಪ್ರಶ್ನೆಯೂ ಇಲ್ಲ. ಆದರೆ ಗಾಳಿಯನ್ನು ಒತ್ತುವುದಕ್ಕೇ ಬಹಳಷ್ಟು ಶಕ್ತಿ ವ್ಯರ್ಥ. ರಿಪೇರಿ ಕಡಿಮೆ, ಬಿಲ್ಲು ಜಾಸ್ತಿ.

ಆಮೇಲೆ ಬಂದದ್ದು ಎರಡು ಕೋಣೆಯ ಪಂಪ್‌ಹೌಸ್. ಒಂದರಲ್ಲಿ ಕೊಳಚೆ, ಪಕ್ಕದ ಒಣ ಕೋಣೆಯಲ್ಲಿ ಪಂಪು. ಬೇರಿಂಗ್ ಬಿಸಿಯಾದರೆ ಕೈಯಿಟ್ಟು ನೋಡಬಹುದು, ಊರಿನ ಮೆಕ್ಯಾನಿಕ್ಕೇ ಬಿಚ್ಚಬಹುದು. ಆದರೆ ಕಟ್ಟಡ ದುಬಾರಿ, ಗಾಳಿಯಾಡಿಸಬೇಕು, ಮಳೆಗಾಲದಲ್ಲಿ ಒಣ ಕೋಣೆಗೆ ನೀರು ನುಗ್ಗಿದರೆ ಮೋಟಾರು ಸುಟ್ಟಿತೆಂದೇ ಲೆಕ್ಕ.

ಸ್ವೀಡನ್ನಿನ ಫ್ಲಿಗ್ಟ್ ಕಂಪನಿ 1947ರಲ್ಲಿ ನೀರಲ್ಲೇ ಮುಳುಗಿ ಓಡುವ ಪಂಪು ತಂದಿತು, 1956ರಲ್ಲಿ ಕೊಳಚೆಗೆಂದೇ ಇನ್ನೊಂದು. ಒಣ ಕೋಣೆ ಬೇಡ, ಕಟ್ಟುವ ಖರ್ಚು ಇಳಿಯಿತು. ಎರಡು ಕಂಬಿ ಹಿಡಿದು ಸರಪಳಿಯಲ್ಲಿ ಮೇಲೆಳೆದರೆ ಪಂಪು ಹೊರಗೆ. ಆದರೆ ಸೀಲ್ ಹೋದದ್ದು ಕಣ್ಣಿಗೆ ಕಾಣುವುದಿಲ್ಲ. ಗೊತ್ತಾಗುವಾಗ ಮೋಟಾರಿಗೆ ನೀರು ಹೊಕ್ಕಿರುತ್ತದೆ. ವೈಂಡಿಂಗಿಗೆ ದೂರದೂರಿಗೆ ಸಾಗಿಸಬೇಕು, ಬದಲಿ ಪಂಪೊಂದು ಸಿದ್ಧವಿರಬೇಕು. ಎಂಜಿನಿಯರುಗಳ ವಾದ ಇವತ್ತಿಗೂ ಇಲ್ಲೇ ಸುತ್ತುತ್ತದೆ. ಸಣ್ಣ ಸ್ಟೇಷನ್ನಿಗೆ ಮುಳುಗು ಪಂಪೇ ಅಗ್ಗ ಎನ್ನುವುದನ್ನು ನಾವೂ ಒಪ್ಪುತ್ತೇವೆ.

ಆದರೆ ಮೂರರಲ್ಲೂ ಒಂದು ಖರ್ಚನ್ನು ಲೆಕ್ಕಕ್ಕೆ ಹಿಡಿಯುವುದು ಅಪರೂಪ. ಪಂಪು ಯಾವುದೇ ಇರಲಿ, ಕೊಳಚೆ ಕೂಡುವಲ್ಲಿ ಮರಳು, ಜಿಡ್ಡು, ಬಟ್ಟೆ ಕೂರುತ್ತದೆ. ಆಟಿ ತಿಂಗಳಲ್ಲಿ ಮ್ಯಾನ್‌ಹೋಲಿಗೆ ಮಳೆನೀರು ಸೇರಿದರಂತೂ ಕೇಳುವುದೇ ಬೇಡ. ಅದನ್ನು ತೆಗೆಯಲು ಯಾರೋ ಇಳಿಯಬೇಕಾಗುತ್ತದೆ. ಬಾವಿಯ ತಳದಲ್ಲಿರುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ. ಮೊದಲು ಕೊಳೆತ ಮೊಟ್ಟೆಯ ವಾಸನೆ, ಹೆಚ್ಚಾದರೆ ಮೂಗೇ ಸತ್ತು ವಾಸನೆಯೂ ತಿಳಿಯದು. ಇಳಿದವನ ಹಿಂದೆ ಎಳೆಯಲು ಇಳಿದವನೂ ಸಾಯುವುದು ಹೀಗೆ.

2013ರ ಕಾಯ್ದೆ ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಇಳಿಸುವುದನ್ನು ನಿಷೇಧಿಸಿತು. ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಕಸ ಹಿಡಿಯುವ ಜಾಲರಿಯನ್ನು ಮೇಲಿನಿಂದಲೇ ಎತ್ತುವ ರಾಟೆಗೆ ಇದರ ಮುಂದೆ ಏನು ಮಹಾ ಬೆಲೆ? ಈಗ ನಾವು ಯಾವ ಊರಿನ ವೆಟ್‌ವೆಲ್ ನೋಡಲು ಹೋದರೂ ಪಂಪಿನ ಕಂಪನಿ ಕೇಳುವುದಕ್ಕಿಂತ ಮೊದಲು ಮುಚ್ಚಳದ ಪಕ್ಕ ಆ ರಾಟೆ ಇದೆಯಾ ಎಂದು ನೋಡುತ್ತೇವೆ.