64 ಬೈಟಿನ ಪಾಲುಪಟ್ಟಿ

2006ರಲ್ಲಿ ಅಕ್ಕನ ಮನೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕ್ತೀನಿ ಅಂತ ಕೂತೆ. ಹಾಕು ಅಂತ ಯಾರೂ ಕೇಳಿರಲಿಲ್ಲ. ಕೈಯಲ್ಲಿ ಅಂಚೆಯಲ್ಲಿ ಪುಕ್ಕಟೆ ಬಂದ ಸಿಡಿ ಇತ್ತು, ಮೊದಲ ಕೆಲಸ ಸಿಕ್ಕ ಹುಮ್ಮಸ್ಸಿತ್ತು, ಅಷ್ಟೆ. ಎಸ್.ಪಿ. ರೋಡಿನಲ್ಲಿ ಜೋಡಿಸಿಕೊಂಡು ತಂದ ಆ ಡಬ್ಬದಲ್ಲಿ 80 ಜಿಬಿ ಹಾರ್ಡ್ ಡಿಸ್ಕ್. ಅಂಗಡಿಯವನೇ ಸಿ, ಡಿ, ಇ ಅಂತ ಮೂರು ಭಾಗ ಮಾಡಿಕೊಟ್ಟಿದ್ದ. ವಿಂಡೋಸ್ ತೆಗೆಯುವ ಹಾಗಿರಲಿಲ್ಲ. ಭಾವ ಶಾಲೆಯ ಪ್ರಶ್ನೆಪತ್ರಿಕೆಗಳನ್ನು ನುಡಿಯಲ್ಲಿ ಟೈಪ್ ಮಾಡುತ್ತಿದ್ದರು. ಆಗ ನುಡಿ, ಬರಹ ಎರಡಕ್ಕೂ ವಿಂಡೋಸೇ ಬೇಕು. ಸರಿ, ಎರಡೂ ಒಟ್ಟಿಗೆ ಇರಲಿ ಅಂದುಕೊಂಡೆ. ನಡುವೆ ಒಂದು ಪರದೆ ಬಂತು: ಇಡೀ ಡಿಸ್ಕ್ ಬಳಸಲೇ? ಇಡೀ ಅಂದರೆ ಖಾಲಿ ಇರುವ ಜಾಗವಷ್ಟೂ ಅಂತ ನಾನು ಅರ್ಥ ಮಾಡಿಕೊಂಡೆ. ಮುಂದೆ, ಮುಂದೆ, ಮುಂದೆ.

ಇಪ್ಪತ್ತು ನಿಮಿಷಕ್ಕೆ ಲಿನಕ್ಸ್ ಬಂತು. ವಿಂಡೋಸ್ ಇರಲಿಲ್ಲ. ಡಿ ಡ್ರೈವ್ ಇರಲಿಲ್ಲ. ಡಿ ಡ್ರೈವಿನಲ್ಲಿ ಅಕ್ಕನ ಮಗಳ ನಾಮಕರಣದ ಫೋಟೋಗಳಿದ್ದವು. ಕ್ಯಾಮೆರಾದ ಕಾರ್ಡ್ ಅಳಿಸಿ ಎರಡು ತಿಂಗಳಾಗಿತ್ತು.

"ಏನೋ ಮಾಡ್ದೆ?" ಅಂದಳು ಅಕ್ಕ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಇಷ್ಟು ದೊಡ್ಡ ನಷ್ಟ ಇಷ್ಟು ಸುಲಭಕ್ಕೆ ಆಗಿದ್ದು ಹೇಗೆ ಅಂತ ಹುಡುಕುತ್ತಾ ಹೋದವನು ಕೊನೆಗೆ 1983ಕ್ಕೆ ಹೋಗಿ ನಿಂತೆ. ಆ ವರ್ಷದ ಮಾರ್ಚ್‌ನಲ್ಲಿ ಐಬಿಎಂ ತನ್ನ ಪಿಸಿ ಎಕ್ಸ್‌ಟಿಯನ್ನು ಮಾರುಕಟ್ಟೆಗೆ ತಂದಿತು. ಒಳಗೆ 10 ಎಂಬಿಯ ಹಾರ್ಡ್ ಡಿಸ್ಕ್. ಇವತ್ತು ವಾಟ್ಸಾಪಿನಲ್ಲಿ ಬರುವ ಗುಡ್ ಮಾರ್ನಿಂಗ್ ಫೋಟೋಗಳಿಂದಲೇ ತುಂಬಿಹೋಗುವಷ್ಟು ಜಾಗ; ಆಗ ಅದು ಸಾಗರ. ಜೊತೆಗೆ ಬಂದದ್ದು ಪಿಸಿ ಡಾಸ್ 2.0, ಮತ್ತು ಅದರೊಳಗೆ ಎಫ್‌ಡಿಸ್ಕ್ ಎಂಬ ಪುಟ್ಟ ಪ್ರೋಗ್ರಾಂ.

ಡಾಸ್ ಒಂದೇ ಉಳಿಯುತ್ತದೆ ಅಂತ ಆಗ ಯಾರಿಗೂ ಖಾತ್ರಿ ಇರಲಿಲ್ಲ ಅನ್ನೋದನ್ನು ನಾವು ಮರೀತೀವಿ. 1981ರಲ್ಲಿ ಮೊದಲ ಪಿಸಿ ಬಂದಾಗ ಅದಕ್ಕೆ ಐಬಿಎಂ ಹೇಳಿದ ಆಪರೇಟಿಂಗ್ ಸಿಸ್ಟಂಗಳು ಮೂರು: ಪಿಸಿ ಡಾಸ್, ಸಿಪಿ/ಎಂ-86 ಮತ್ತು ಯುಸಿಎಸ್‌ಡಿ ಪಿ-ಸಿಸ್ಟಂ. ಡಾಸ್ ಬೆಲೆ ಸುಮಾರು 40 ಡಾಲರ್, ಸಿಪಿ/ಎಂ ಬೆಲೆ 240 ಡಾಲರ್. ಯಾವುದು ಗೆದ್ದಿತು ಅಂತ ಬಿಡಿಸಿ ಹೇಳಬೇಕಿಲ್ಲ. ಆದರೆ 1983ರಲ್ಲಿ ಡಿಸ್ಕ್ ರೂಪಿಸಿದವರು ಗೆದ್ದವನೊಬ್ಬನಿಗೇ ಮನೆ ಬರೆದುಕೊಡಲಿಲ್ಲ. ನಾಲ್ಕು ಪಾಲು ಮಾಡಬಹುದು, ಒಂದೊಂದರಲ್ಲಿ ಒಂದೊಂದು ಸಿಸ್ಟಂ ಇರಬಹುದು ಅಂತ ಜಾಗ ಬಿಟ್ಟರು. ಎರಡು ಓಎಸ್ ಹಾಕೋದು ಅಂದರೆ ನಾವೇನೋ ಹ್ಯಾಕ್ ಮಾಡ್ತಿದ್ದೀವಿ ಅನ್ನೋ ಭಾವನೆ ಇರುತ್ತಲ್ಲ, ಅದು ತಪ್ಪು. ಪಾರ್ಟಿಷನ್ ಹುಟ್ಟಿದ್ದೇ ಅದಕ್ಕೆ.

ಆ ಪಾಲುಪಟ್ಟಿ ಇದ್ದದ್ದು ಡಿಸ್ಕಿನ ಮೊಟ್ಟಮೊದಲ ಸೆಕ್ಟರಿನಲ್ಲಿ. ಒಂದು ಸೆಕ್ಟರ್ ಅಂದರೆ 512 ಬೈಟ್. ಅದರಲ್ಲಿ 446 ಬೈಟ್ ಬೂಟ್ ಕೋಡಿಗೆ, ಕೊನೆಯ 2 ಬೈಟ್ ಇದು ಅಸಲಿ ಅಂತ ಹೇಳುವ ಮೊಹರಿಗೆ. ನಡುವೆ ಉಳಿದ 64 ಬೈಟ್‌ನಲ್ಲಿ ನಾಲ್ಕು ಸಾಲು, ಸಾಲಿಗೆ 16 ಬೈಟ್. ಈ ಭಾಗ ಯಾವ ಬಗೆಯದು, ಎಲ್ಲಿಂದ ಶುರು, ಎಷ್ಟು ಉದ್ದ, ಈಗ ಬೂಟ್ ಆಗಬೇಕಾದದ್ದು ಇದೇನಾ. ನಮ್ಮ ಪಹಣಿ ನೋಡಿದವರಿಗೆ ಥಟ್ಟನೆ ಅರ್ಥವಾಗುತ್ತೆ: ಸರ್ವೆ ನಂಬರ್, ಹಿಸ್ಸೆ, ಎಷ್ಟು ಗುಂಟೆ, ಯಾರ ಹೆಸರು. ಪಹಣಿ ಹರಿದುಹೋದರೆ ಜಮೀನು ಎಲ್ಲಿಗೂ ಹೋಗುವುದಿಲ್ಲ. ಆದರೆ ಹರಿದ ಮಾರನೇ ದಿನವೇ ಬೇರೊಬ್ಬ ಬಂದು ಟ್ರ್ಯಾಕ್ಟರ್ ಹೊಡೆದರೆ, ಬಾಂದುಕಲ್ಲೂ ಇಲ್ಲ, ಬೆಳೆಯೂ ಇಲ್ಲ. ನಾನು ಮಾಡಿದ್ದು ಎರಡೂ ಕೆಲಸ. ಹಳೆಯ ಪಟ್ಟಿ ಹರಿದೆ, ಅದರ ಮೇಲೆ ಉಳುಮೆಯನ್ನೂ ಮಾಡಿದೆ.

ಆ ಪಟ್ಟಿಯಲ್ಲಿ ಒಂದು ದೊಡ್ಡ ಕೊರತೆ ಇತ್ತು. ನಕಲು ಪ್ರತಿ ಇರಲಿಲ್ಲ. ಇಡೀ ಡಿಸ್ಕಿನ ಹಣೆಬರಹ ಒಂದೇ ಕಡೆ, 64 ಬೈಟಿನಲ್ಲಿ. ಕಾವಲೂ ಇರಲಿಲ್ಲ. ಯಾವ ಪ್ರೋಗ್ರಾಂ ಬೇಕಾದರೂ ಅದನ್ನು ತಿದ್ದಬಹುದಿತ್ತು. ನಾಲ್ಕು ಜನ ಒಂದೇ ಮನೆಯಲ್ಲಿ ಇರಬಹುದು ಅಂತ ಕಾಗದ ಬರೆದರು, ಆದರೆ ಒಬ್ಬ ಇನ್ನೊಬ್ಬನ ಕೋಣೆಗೆ ನುಗ್ಗದಂತೆ ಬಾಗಿಲು ಇಡಲಿಲ್ಲ.

ಹೀಗೆ ನುಗ್ಗಿದ್ದರಿಂದ ಆದ ಅತಿ ದೊಡ್ಡ ಘಟನೆ 1991ರದ್ದು. ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ತನ್ನ 386 ಪಿಸಿಯಲ್ಲಿ ಮಿನಿಕ್ಸ್ ಹಾಕಿಕೊಂಡು, ಅದರ ಮೇಲೆ ಕೂತು ತನ್ನದೇ ಸಿಸ್ಟಂ ಬರೆಯುತ್ತಿದ್ದ. ಒಂದು ದಿನ ಮೋಡೆಂ ಮೂಲಕ ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಡಯಲ್ ಮಾಡಲು ಹೋಗಿ, ಆ ಆದೇಶವನ್ನು ಮೋಡೆಂ ಬದಲು ಹಾರ್ಡ್ ಡಿಸ್ಕಿಗೆ ಕಳಿಸಿಬಿಟ್ಟ. ಮಿನಿಕ್ಸ್ ಇದ್ದ ಪಾರ್ಟಿಷನ್ ಹಾಳಾಯಿತು. ಮಿನಿಕ್ಸ್ ಮತ್ತೆ ಹಾಕಬಹುದಿತ್ತು. ಹಾಕಲಿಲ್ಲ, ತನ್ನ ಸಿಸ್ಟಮ್ಮೇ ಇಷ್ಟು ಬೆಳೆದಿದೆ, ಇನ್ನು ಇದರಲ್ಲೇ ಇರೋಣ ಅಂತ ನಿರ್ಧರಿಸಿದ. ಲಿನಕ್ಸ್ ತನ್ನ ಕಾಲ ಮೇಲೆ ನಿಂತಿದ್ದು ಹಾಗೆ. ಈ ಕತೆ ಓದಿದಾಗ ನನಗೆ ಸ್ವಲ್ಪ ಸಮಾಧಾನ ಆಗಿತ್ತು ಅಂತ ಒಪ್ಪಿಕೊಳ್ತೀನಿ. ಆಮೇಲೆ ಹೊಳೆಯಿತು, ಅವನು ಅಳಿಸಿದ್ದು ತನ್ನದೇ ಡಿಸ್ಕು.

ಲಿನಕ್ಸ್ ಬಂದ ಮೇಲೆ ಪಾಲು ಕೇಳುವವರು ಜಾಸ್ತಿಯಾದರು. ಮೊದಲ ವರ್ಷಗಳಲ್ಲಿ ಅದು ಸರ್ಕಸ್ಸೇ. ಡಾಸ್ ಇರುವ ಭಾಗವನ್ನು ಅಳಿಸದೆ ಕತ್ತರಿಸಲು ಫಿಪ್ಸ್ ಎಂಬ ಪ್ರೋಗ್ರಾಂ ಇತ್ತು. ಆದರೆ ಅದು ಕತ್ತರಿಸುತ್ತಿದ್ದದ್ದು ಬಾಲದಲ್ಲಿ ಖಾಲಿ ಇದ್ದ ಜಾಗವನ್ನು ಮಾತ್ರ. ಹಾಗಾಗಿ ಮೊದಲು ಡಿಫ್ರಾಗ್ ಓಡಿಸಿ, ಚದುರಿದ ಫೈಲುಗಳನ್ನೆಲ್ಲ ಮುಂದಕ್ಕೆ ತಳ್ಳಬೇಕಿತ್ತು. ಆಮೇಲೆ ಲೈಲೋ ಎಂಬ ಬೂಟ್ ಲೋಡರ್. ಅದಕ್ಕೆ ಬಯಾಸ್ ಕಣ್ಣಿನಲ್ಲೇ ನೋಡಬೇಕು, ಬಯಾಸಿಗೆ 1024ನೇ ಸಿಲಿಂಡರ್ ದಾಟಿ ಏನೂ ಕಾಣುತ್ತಿರಲಿಲ್ಲ. ಡಿಸ್ಕಿನ ಆಚೆ ತುದಿಯಲ್ಲಿ ಲಿನಕ್ಸ್ ಹಾಕಿದವರಿಗೆ ಕಪ್ಪು ಪರದೆಯೇ ಗತಿ. ಹಳೆಯ ಕೈಪಿಡಿಗಳಲ್ಲಿ ಬೂಟ್ ಪಾರ್ಟಿಷನ್ ಡಿಸ್ಕಿನ ಮುಂಭಾಗದಲ್ಲೇ ಇರಲಿ ಅಂತ ಒತ್ತಿ ಒತ್ತಿ ಹೇಳುತ್ತಿದ್ದದ್ದು ಇದಕ್ಕೆ.

ಇವೆಲ್ಲ ತಾಂತ್ರಿಕ ತಕರಾರು, ಒಂದಲ್ಲ ಒಂದು ದಿನ ಬಗೆಹರಿಯುವಂಥವು. ಬಗೆಹರಿಯದ ತಕರಾರು ಬಾಗಿಲಿನದ್ದು: ಕಂಪ್ಯೂಟರ್ ಆನ್ ಆದಾಗ ಮೊದಲು ಕಾಣುವ ಆ 446 ಬೈಟ್ ಯಾರದ್ದು? ವಿಂಡೋಸ್ ಮತ್ತೆ ಹಾಕಿದರೆ ಅದು ಅಲ್ಲಿ ತನ್ನ ಕೋಡನ್ನೇ ಬರೆದು ಕೂರುತ್ತಿತ್ತು. ಪಕ್ಕದಲ್ಲಿ ಲಿನಕ್ಸ್ ಜೀವಂತ ಇದ್ದರೂ ಒಳಗೆ ಹೋಗಲು ದಾರಿಯೇ ಇಲ್ಲ. ವಿಂಡೋಸ್ ಮೊದಲು, ಲಿನಕ್ಸ್ ಆಮೇಲೆ ಅನ್ನೋ ಆ ಕಾಲದ ಕಿವಿಮಾತು ಹುಟ್ಟಿದ್ದು ಇಲ್ಲಿಂದ.

ಇದು ಬರೀ ಸೋಮಾರಿ ಕೋಡಿನ ಸಮಸ್ಯೆ ಅಂತ ನಾನೂ ಅಂದುಕೊಂಡಿದ್ದೆ, ಬಿಓಎಸ್ ಕತೆ ಓದುವವರೆಗೆ. ಆಪಲ್ ಬಿಟ್ಟು ಬಂದ ಜೀನ್-ಲೂಯಿ ಗಸ್ಸೆ ಕಟ್ಟಿದ ಬಿ ಎಂಬ ಕಂಪನಿಯ ಸಿಸ್ಟಂ ಅದು. 1990ರ ದಶಕದ ಕೊನೆಗೆ ಹಿಟಾಚಿ ಕಂಪನಿ ವಿಂಡೋಸ್ ಜೊತೆಗೆ ಬಿಓಎಸ್ ಅನ್ನೂ ಹಾಕಿದ ಕಂಪ್ಯೂಟರುಗಳನ್ನು ಮಾರಿತು. ಪಾರ್ಟಿಷನ್ ಇತ್ತು, ಸಿಸ್ಟಂ ಇತ್ತು. ಆನ್ ಮಾಡಿದರೆ ಎರಡರಲ್ಲಿ ಯಾವುದು ಬೇಕು ಅಂತ ಕೇಳುವ ಪಟ್ಟಿ ಮಾತ್ರ ಇರಲಿಲ್ಲ, ಸೀದಾ ವಿಂಡೋಸ್. ಮೈಕ್ರೋಸಾಫ್ಟ್ ತನ್ನ ಲೈಸೆನ್ಸ್ ಷರತ್ತುಗಳಿಂದ ಆ ಬಾಗಿಲು ಮುಚ್ಚಿಸಿತು ಅಂತ ಬಿ ಕಂಪನಿ 2002ರಲ್ಲಿ ಕೋರ್ಟಿಗೆ ಹೋಯಿತು. 2003ರಲ್ಲಿ 2.325 ಕೋಟಿ ಡಾಲರಿಗೆ ರಾಜಿಯಾಯಿತು, ಮೈಕ್ರೋಸಾಫ್ಟ್ ತಪ್ಪೊಪ್ಪಿಕೊಳ್ಳಲಿಲ್ಲ. ಅಷ್ಟು ಹೊತ್ತಿಗೆ ಬಿಓಎಸ್ ಪಾಮ್ ಕಂಪನಿಯ ಪಾಲಾಗಿತ್ತು. ಪಾಲು ಸಿಕ್ಕಿದರೆ ಸಾಲದು, ಬೀದಿಗೆ ಬಾಗಿಲೂ ಬೇಕು ಅನ್ನೋದು ಅಣ್ಣತಮ್ಮಂದಿರ ವ್ಯಾಜ್ಯ ಕಂಡ ಯಾವ ಊರಿನವರಿಗೂ ಗೊತ್ತು.

ನಾನು ಅಕ್ಕನ ಡಿಸ್ಕ್ ಕೆಡಿಸಿದ ವರ್ಷವೇ ಆಪಲ್ ಬೂಟ್ ಕ್ಯಾಂಪ್ ತಂದದ್ದು. ಡಿಸ್ಕಿನ ಚಿತ್ರದ ನಡುವಿನ ಗೆರೆ ಎಳೆದರೆ ಮುಗೀತು, ಮ್ಯಾಕಿನ ಪಕ್ಕ ವಿಂಡೋಸಿಗೆ ಜಾಗ. ಮರುವರ್ಷ ಬಂದ ವಿಸ್ಟಾದಲ್ಲಿ ವಿಂಡೋಸೇ ತನ್ನ ಭಾಗವನ್ನು ಕುಗ್ಗಿಸಿಕೊಳ್ಳುವ ಅನುಕೂಲ ಬಂತು. ಇವತ್ತಿಗೂ ನಾನು ವಿಂಡೋಸ್ ಭಾಗವನ್ನು ವಿಂಡೋಸ್ ಕೈಯಲ್ಲೇ ಕುಗ್ಗಿಸೋದು. ಅವರವರ ಸಾಮಾನು ಅವರವರೇ ಜರುಗಿಸಿಕೊಂಡರೆ ಕ್ಷೇಮ.

ಆ 64 ಬೈಟನ್ನು ಕೊನೆಗೆ ಮನೆಗೆ ಕಳಿಸಿದ್ದು ಡಿಸ್ಕಿನ ಗಾತ್ರ. ಹಳೆಯ ಪಟ್ಟಿಗೆ 2 ಟಿಬಿ ಮೇಲೆ ಲೆಕ್ಕ ಬರುತ್ತಿರಲಿಲ್ಲ. ಇಂಟೆಲ್ ತನ್ನ ಇಟಾನಿಯಂಗಾಗಿ ಶುರು ಮಾಡಿದ ಇಎಫ್‌ಐ, ಆಮೇಲೆ ಯುಇಎಫ್‌ಐ ಆಗಿ, ಜೊತೆಗೆ ಜಿಪಿಟಿ ಎಂಬ ಹೊಸ ಪಟ್ಟಿ ತಂದಿತು. ನಾಲ್ಕರ ಬದಲು ಸಾಮಾನ್ಯವಾಗಿ 128 ಸಾಲು. ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿ. ಬಾಗಿಲಿಗೂ ಬೇರೆ ಜಾಗ: ಇಎಸ್‌ಪಿ ಎಂಬ ಸಣ್ಣ ಪಾರ್ಟಿಷನ್, ಅದರಲ್ಲಿ ಪ್ರತಿ ಸಿಸ್ಟಂಗೂ ಒಂದೊಂದು ಫೋಲ್ಡರ್. ಇಷ್ಟಾಗಿಯೂ ಮೊದಲ ಸೆಕ್ಟರಿನಲ್ಲಿ ಹಳೆಯ ಮಾದರಿಯ ಪಟ್ಟಿಯೊಂದನ್ನು ಉಳಿಸಿಕೊಂಡಿದ್ದಾರೆ. ಅದರಲ್ಲಿ ಒಂದೇ ಸಾಲು: ಡಿಸ್ಕ್ ಪೂರ್ತಿ ಭರ್ತಿಯಾಗಿದೆ. ಜಿಪಿಟಿ ಗೊತ್ತಿಲ್ಲದ ಹಳೇ ಪ್ರೋಗ್ರಾಂ ಬಂದು, ಅಯ್ಯೋ ಖಾಲಿ ಇದೆಯಲ್ಲಾ ಅಂತ ಫಾರ್ಮ್ಯಾಟ್ ಮಾಡದಿರಲಿ ಅಂತ. ಬೆಂಗಳೂರಿನ ಖಾಲಿ ಸೈಟುಗಳಲ್ಲಿ 'ಈ ನಿವೇಶನ ಮಾರಾಟಕ್ಕಿಲ್ಲ' ಅಂತ ಬೋರ್ಡ್ ನೆಟ್ಟಿರ್ತಾರಲ್ಲ, ಥೇಟ್ ಅದೇ.

ಬಾಗಿಲಿನ ಜಗಳ ಹಾಗೂ ನಿಲ್ಲಲಿಲ್ಲ. 2012ರಲ್ಲಿ ವಿಂಡೋಸ್ 8 ಜೊತೆ ಸೆಕ್ಯೂರ್ ಬೂಟ್ ಬಂತು. ಸಹಿ ಇಲ್ಲದ ಕೋಡ್ ಬಾಗಿಲಲ್ಲೇ ವಾಪಸ್. ಲಿನಕ್ಸಿನವರು ಶಿಮ್ ಎಂಬ ಪುಟ್ಟ ಪ್ರೋಗ್ರಾಮಿಗೆ ಮೈಕ್ರೋಸಾಫ್ಟ್ ಸಹಿ ಹಾಕಿಸಿಕೊಂಡು ಒಳಗೆ ಬಂದರು. 2024ರ ಆಗಸ್ಟ್‌ನಲ್ಲಿ ವಿಂಡೋಸಿನ ಒಂದು ಅಪ್‌ಡೇಟ್ ಹಳೆಯ, ದೋಷವಿರುವ ಶಿಮ್‌ಗಳನ್ನು ತಡೆಯಲು ಹೋಯಿತು. ಎರಡು ಓಎಸ್ ಇರುವ ಕಂಪ್ಯೂಟರುಗಳಿಗೆ ಅದು ತಾಗಬಾರದಿತ್ತು, ಹಲವರದ್ದಕ್ಕೆ ತಾಗಿತು. ಬೆಳಿಗ್ಗೆ ಎದ್ದು ನೋಡಿದರೆ ಲಿನಕ್ಸ್ ಬೂಟ್ ಆಗದು.

ಅದೇ ತಿಂಗಳು ಅಕ್ಕನ ಮಗಳು ಎಂಜಿನಿಯರಿಂಗ್ ಸೇರಿದಳು. "ಮಾಮ, ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಡ್ತೀರಾ? ವಿಂಡೋಸೂ ಇರಬೇಕು," ಅಂದಳು. ಹಾಕಲು ಹಿಡಿದದ್ದು ಅರ್ಧ ಗಂಟೆ, ಅದಕ್ಕೆ ಮೊದಲಿನ ತಯಾರಿಗೆ ಒಂದಿಡೀ ಭಾನುವಾರ. ಎಲ್ಲವನ್ನೂ ಹೊರಗಿನ ಡಿಸ್ಕಿಗೆ ಕಾಪಿ ಮಾಡಿದೆ, ಅದರಿಂದ ನಾಲ್ಕು ಫೈಲ್ ತೆರೆದು ನೋಡಿದೆ. ಬಿಟ್‌ಲಾಕರ್ ಕೀಯನ್ನು ಕಾಗದದ ಮೇಲೆ ಬರೆಸಿದೆ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆರಿಸಿದೆ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮಲಗದೆ ಅರೆನಿದ್ದೆಯಲ್ಲಿರುತ್ತೆ, ಆಗ ಲಿನಕ್ಸ್ ಹೋಗಿ ಆ ಭಾಗದಲ್ಲಿ ಬರೆದರೆ ಫೈಲುಗಳು ಕೆಡುತ್ತವೆ. ಕೊನೆಗೆ ಇಡೀ ಡಿಸ್ಕ್ ಬಳಸಲೇ ಎಂಬ ಆ ಪರದೆ ಬಂತು. ಹದಿನೆಂಟು ವರ್ಷದ ಹಳೇ ಪರಿಚಯ. ಅವಳಿಂದಲೇ ಎರಡು ಸಲ ಜೋರಾಗಿ ಓದಿಸಿದೆ.

ನಾಮಕರಣದ ಫೋಟೋಗಳ ವಿಷಯ ಹೇಳಲಿಲ್ಲ ಅಲ್ವಾ. ಆಗ ಮೂರು ರಾತ್ರಿ ಕೂತು, ಕಳೆದ ಪಾರ್ಟಿಷನ್ ಹುಡುಕುವ ಟೆಸ್ಟ್‌ಡಿಸ್ಕ್ ಓಡಿಸಿದ್ದೆ. ಇ ಡ್ರೈವ್ ಹೆಚ್ಚುಕಮ್ಮಿ ಪೂರ್ತಿ ಬಂತು. ಅದರಲ್ಲಿದ್ದದ್ದು ಭಾವನ ಸಿನಿಮಾಗಳು. ಡಿ ಡ್ರೈವಿನ ಮೇಲೆ ಫೋಟೋರೆಕ್ ಓಡಿಸಿ, ಹೆಸರಿಲ್ಲದೆ ಬರೀ ನಂಬರ್ ಹೊತ್ತ ಚೂರುಗಳನ್ನು ಆರಿಸಿಕೊಂಡೆ. ಪೂರ್ತಿ ತೆರೆದುಕೊಂಡವು 41. ಇನ್ನು ಕೆಲವಲ್ಲಿ ಮೇಲರ್ಧ ಚಿತ್ರ, ಕೆಳಗೆ ಬೂದು ಬಣ್ಣ. ಒಂದರಲ್ಲಿ ಅಪ್ಪ ತೊಟ್ಟಿಲ ಕಡೆ ಬಗ್ಗಿದ್ದಾರೆ, ತೊಟ್ಟಿಲಿಂದ ಕೆಳಗೆ ಬೂದು. ಅಕ್ಕ ಅದನ್ನೂ ಪ್ರಿಂಟ್ ಹಾಕಿಸಿ ಆಲ್ಬಮ್ಮಿನಲ್ಲಿ ಇಟ್ಟಿದ್ದಾಳೆ.